ಮೂವತ್ತೊಂದಕ್ಕೆ ಸ್ವಿಚ್

ಸೆಪ್ಟೆಂಬರ್ ೩, ಮಂಗಳವಾರ. ಬೆಳಿಗ್ಗೆ ೫:೫೦

ಹಾಲು ೧೨೦. ಕಕ್ಕಿದ್ದು ಅಂದಾಜು ೧೦. ಒದ್ದೆ ಬಟ್ಟೆ ಎರಡು. ನಿದ್ದೆ: ಮಗಳದು ನಾಲ್ಕು ಗಂಟೆ, ನನ್ನದು... ಬಿಡು.

ಅವಳ ಉಸಿರು ಎಣಿಸಿದೆ. ನಿಮಿಷಕ್ಕೆ ಮೂವತ್ತಾರು. ಇನ್ನೊಮ್ಮೆ ಎಣಿಸಿದೆ, ಮೂವತ್ತೆಂಟು. ಎರಡು ಯಾಕೆ ಜಾಸ್ತಿ ಆಯಿತು ಅಂತ ಮೂರನೇ ಸಲ ಕೂತೆ. ಅಷ್ಟರಲ್ಲಿ ಬಟಾಣಿ ಕಣ್ಣು ಬಿಟ್ಟು, ‘ಏನಮ್ಮಾ ನಿನ್ನ ಗೋಳು’ ಅನ್ನುವ ಹಾಗೆ ನೋಡಿದಳು. ಏಳು ತಿಂಗಳಾಯಿತು. ಬಟಾಣಿ ಅಂತ ಕರೆದದ್ದು ಸ್ಕ್ಯಾನಿನಲ್ಲಿ ಮೊದಲ ಸಲ ನೋಡಿದಾಗ. ಈಗ ಕುಂಬಳಕಾಯಿ ಆಗಿದ್ದಾಳೆ, ಹೆಸರು ಮಾತ್ರ ಅದೇ.

ಈ ಪುಸ್ತಕ ಡಾಕ್ಟರಮ್ಮ ಇಡಲು ಹೇಳಿದ್ದು. ಹಾಲೆಷ್ಟು, ನಿದ್ದೆ ಎಷ್ಟು. ಕಳೆದ ವಾರ ತೋರಿಸಿದೆ. ಹಾಳೆ ತಿರುಗಿಸಿ ತಿರುಗಿಸಿ ನೋಡಿ, “ಮಗು ಚೆನ್ನಾಗಿದೆ. ಇಷ್ಟು ಬರೆದವರು ಮಲಗೋದು ಯಾವಾಗ?” ಅಂದರು. ಇನ್ನು ಬರೆಯುವುದು ಬೇಡ ಅಂತಲೂ ಅಂದರು. ಬರೆಯದೆ ಏನಾದರೂ ತಪ್ಪಿಹೋದರೆ? ಬರೆಯುತ್ತಿದ್ದೇನೆ.

ತೋಟದಲ್ಲಿ ಠಪ್ ಅಂತ ಸದ್ದು. ಹಿಂದೆಯೇ ಅತ್ತೆಯ ದನಿ. ನೋಡಬೇಕು...

ಅದೇ ದಿನ. ಮಧ್ಯಾಹ್ನ ೧:೩೦

ಹಾಲು ೧೧೦. ಸೇಬಿನ ಪೇಸ್ಟು ಎರಡು ಚಮಚ: ಒಂದು ಒಳಗೆ, ಒಂದು ನನ್ನ ಕೂದಲಿಗೆ.

ಬೆಳಗಿನ ಠಪ್ ಮಾವನ ರೈಲಿನದು. ಮೊದಲಿಂದ ಬರೆಯುತ್ತೇನೆ. ನಿದ್ದೆಗೆಟ್ಟ ತಲೆಯಲ್ಲಿ ಒಂದಕ್ಕೊಂದು ಸೇರುತ್ತಿಲ್ಲ.

ಮಾವ ನಲವತ್ತು ವರ್ಷ ಅಂಗಡಿಗಳ ಬೋರ್ಡ್ ಬರೆದವರು. ಈಗ ಕೈ ನಡುಗುತ್ತದೆ, ಬ್ರಷ್ ಬಿಟ್ಟಾಗಿದೆ. ಉಳಿದಿರುವುದು ಈ ಆಟದ ರೈಲು. ಮೂರು ಬೆರಳು ಅಗಲದ ಹಳಿ. ವೆರಾಂಡಾದಲ್ಲಿ ಅವರ ಕುರ್ಚಿಯ ಪಕ್ಕ ಮೊಣಕಾಲೆತ್ತರದಲ್ಲಿ ಶುರುವಾಗಿ, ಗೋಡೆಗುಂಟ ಇಳಿದು, ನಿಂಬೆ ಗಿಡ ಬಳಸಿ, ನಲ್ಲಿ ದಾಟಿ, ದಾಸವಾಳದ ಬೇಲಿ ಹಿಂದೆ ಹೋಗಿ ಮುಗಿಯುತ್ತಿತ್ತು. ಕೆಂಪು ಎಂಜಿನ್ನು, ಹೆಸರು ಗೂಳಿ. ನಾಲ್ಕು ಡಬ್ಬಿ. ಬೇಲಿ ಹಿಂದೆ ನೆಲಕ್ಕೆ ಬಗ್ಗಿ ಗೂಳಿಯನ್ನು ಎತ್ತಿ, ತಿರುಗಿಸಿ, ಬಾಲದ ಕಡೆ ಇಟ್ಟರೆ ಮಾತ್ರ ವಾಪಸ್ ಪ್ರಯಾಣ. ಜುಲೈಯಲ್ಲಿ ಹಾಗೆ ಬಗ್ಗಿದಾಗಲೇ ಮಾವ ಬಿದ್ದದ್ದು. ಮಂಡಿ ತಿರುಚಿ ನಲವತ್ತು ನಿಮಿಷ ನೆಲದಲ್ಲೇ. ಬೇಲಿ ಅಡ್ಡ, ಯಾರಿಗೂ ಕಾಣಲಿಲ್ಲ.

ಅಂದಿನಿಂದ ಬೇಲಿಯ ಆಚೆ ಮಾವನಿಗೆ ಪ್ರವೇಶವಿಲ್ಲ. ಅತ್ತೆಯ ಆರ್ಡರ್. ಮಾವ ಸುಮ್ಮನಿರುವ ಆಸಾಮಿಯೇ? ನಲ್ಲಿ ರಿಪೇರಿಗೆ ಬಂದ ಪ್ಲಂಬರನ ತಲೆ ಸವರಿ, ಬೇಲಿ ಹಿಂದೆ ಒಂದು ಕುಣಿಕೆ ಹಾಕಿಸಿದ್ದಾರೆ. ಹಳಿ ಒಂದು ಸುತ್ತು ಬಂದು ತನ್ನನ್ನೇ ಸೇರುತ್ತದೆ. ರೈಲು ಒಳಗೆ ಹೋಗಿ, ಸುತ್ತು ಹಾಕಿ, ಮೂತಿ ಮನೆ ಕಡೆ ಮಾಡಿಕೊಂಡು ತಾನೇ ಹೊರಗೆ ಬರಬೇಕು. ಬಗ್ಗುವ ಕೆಲಸವೇ ಇಲ್ಲ. ಉಪಾಯ ಚೆನ್ನಾಗಿದೆ. ಆದರೆ ಕರೆಂಟು ಕೊಟ್ಟ ತಕ್ಷಣ ಕಂಟ್ರೋಲರ್ ಪೆಟ್ಟಿಗೆ ಠಪ್ ಅಂತ ಆಫ್.

“ಏನ್ರೀ ಅದು?” ಅತ್ತೆ.

“ಏನಿಲ್ಲ ಮಾರಾಯ್ತಿ, ಕಂಟ್ರೋಲರ್ ಒಂಚೂರು ಕೆಮ್ತು.”

“ಕೆಮ್ಲಿ. ಮೂವತ್ತನೇ ತಾರೀಖು ಸೋಮವಾರ ಗುಜರಿಯವನು ಬರ್ತಾನೆ, ಹೇಳಿಟ್ಟಿದೀನಿ. ಅಷ್ಟರೊಳಗೆ ರೈಲು ತಾನಾಗಿ ಹೋಗಿ ತಾನಾಗಿ ಬಂದ್ರೆ ಇಟ್ಕೊಳಿ. ಇಲ್ಲಾಂದ್ರೆ ಹಳಿ, ಎಂಜಿನ್ನು, ಡಬ್ಬಿ, ಎಲ್ಲಾ ತೂಕಕ್ಕೆ!”

ಅತ್ತೆ ಟೈಲರು. ಕುತ್ತಿಗೆಯಲ್ಲಿ ಸದಾ ಅಳತೆ ಟೇಪು. ಅವರು ತಾರೀಖು ಕೊಟ್ಟರೆ ಕೊಟ್ಟ ಹಾಗೆ. ಗಿರಾಕಿಗೂ, ಗಂಡನಿಗೂ.

ಸೆಪ್ಟೆಂಬರ್ ೫, ಗುರುವಾರ. ಮಧ್ಯಾಹ್ನ

ಹಾಲು ೧೨೦, ೧೨೦, ೯೦. (ಯಾಕೆ ೯೦?)

ಮಾವ ಎರಡು ದಿನದಿಂದ ಹಳಿ ಉಜ್ಜುತ್ತಿದ್ದಾರೆ. ಕೊಳೆ ಇದೆ, ಅದಕ್ಕೇ ಠಪ್ ಅನ್ನುತ್ತದೆ ಅಂತ ಅವರ ಲೆಕ್ಕ. ವೆರಾಂಡಾದಿಂದ ನಲ್ಲಿಯವರೆಗೆ ಹಳಿ ಚಿನ್ನದ ಹಾಗೆ ಹೊಳೆಯುತ್ತಿದೆ. ಠಪ್ ಮಾತ್ರ ಹಾಗೇ ಇದೆ.

ಬಟಾಣಿಯನ್ನು ಎದೆಗೆ ಕಟ್ಟಿಕೊಂಡು ಬೇಲಿ ಹಿಂದೆ ಹೋಗಿ ಕುಣಿಕೆ ನೋಡಿದೆ. ಅರ್ಧ ನಿಮಿಷ ಸಾಕಾಯಿತು. ತಲೆಯಲ್ಲಿ ಯಾರೋ ಹಳೇ ಕಿಟಕಿ ತೆಗೆದ ಹಾಗೆ. ಬಿ.ಎಸ್ಸಿ. ಫಿಸಿಕ್ಸ್! ಮೂರು ವರ್ಷ ಓದಿದ್ದೆಲ್ಲ ಬಾಟಲಿ ಕುದಿಸುವ ನೂರು ಡಿಗ್ರಿಗೆ ಬಂದು ನಿಂತಿತ್ತು.

“ಮಾವ, ಇದು ಕೊಳೆ ಅಲ್ಲ.”

“ಮತ್ತೆ?”

ಅತ್ತೆಯ ಪೆಟ್ಟಿಗೆಯಿಂದ ಕೆಂಪು ದಾರ, ನೀಲಿ ದಾರ ತಂದು ಊಟದ ಮೇಜಿನ ಮೇಲೆ ಹಾಸಿದೆ. ಎಡ ಹಳಿ ಕೆಂಪು, ಬಲ ಹಳಿ ನೀಲಿ. ಎರಡೂ ಜೊತೆಯಾಗಿ ಹೋಗಲಿ. ಈಗ ಕುಣಿಕೆ ಸುತ್ತಿಸಿ, ಮೊದಲಿನ ಜಾಗಕ್ಕೆ ತನ್ನಿ. ಮಾವ ನಡುಗುವ ಬೆರಳಲ್ಲಿ ದಾರ ಸುತ್ತಿಸಿ ತಂದರು. ಕೆಂಪಿನ ಕೊನೆ ಸೀದಾ ಹೋಗಿ ನೀಲಿಯ ಮೇಲೆ ಕೂತಿತು. ನೀಲಿ, ಕೆಂಪಿನ ಮೇಲೆ.

“ಅಯ್ಯೋ. ಪ್ಲಸ್ಸು ಹೋಗಿ ಮೈನಸ್ಸನ್ನ ತಬ್ಕೊಂಡ್ತಲ್ಲೇ!”

“ಅದೇ ಠಪ್. ಶಾರ್ಟ್ ಸರ್ಕ್ಯೂಟ್.”

“ಹಂಗಾದ್ರೆ ಎರಡು ದಿನ ನಾನು ಉಜ್ಜಿದ್ದು?”

“ವ್ಯಾಯಾಮ,” ಅಂದರು ಅತ್ತೆ ಅಡುಗೆಮನೆಯಿಂದ. “ನನ್ನ ದಾರ ಸುತ್ತಿಡಿ ಆಮೇಲೆ.”

ಪರಿಹಾರವನ್ನೂ ಅಲ್ಲೇ ಹೇಳಿದೆ. ಕುಣಿಕೆಯಲ್ಲಿ ಎರಡು ಕಡೆ ಹಳಿ ಕುಯ್ದು, ಸಂದಿಗೆ ಪ್ಲಾಸ್ಟಿಕ್ ತುಂಬಬೇಕು. ನಡುವಿನ ತುಂಡು ಆಗ ಬೇರೆಯೇ ಮನೆ. ಅದಕ್ಕೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡ್ ಮೂಲಕ ಕರೆಂಟು. ಅಲ್ಲಿ ಪ್ಲಸ್ಸು-ಮೈನಸ್ಸು ಯಾವತ್ತೂ ಬದಲಾಗುವುದಿಲ್ಲ. ರೈಲು ಬಾಲದ ಸಮೇತ ಆ ತುಂಡಿನೊಳಗೆ ಇರುವಾಗ, ವೆರಾಂಡಾದಲ್ಲಿ ಕೂತವರು ಉಳಿದ ಹಳಿಯ ಪ್ಲಸ್ಸು-ಮೈನಸ್ಸು ಅದಲುಬದಲು ಮಾಡುವ ಸ್ವಿಚ್ಚನ್ನು ತಿರುವಬೇಕು. ಹೊರಗಿನ ಲೋಕವೇ ತಲೆಕೆಳಗಾಗುತ್ತದೆ, ಒಳಗಿರುವ ರೈಲಿಗೆ ಗೊತ್ತೇ ಆಗುವುದಿಲ್ಲ. ಹಾಯಾಗಿ ಹೊರಗೆ ಬರುತ್ತದೆ.

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. “ನೀನು ಇಷ್ಟು ಹೊತ್ತು ಒಂದೇ ಉಸಿರಲ್ಲಿ ಮಾತಾಡಿದ್ದು ಮದುವೆ ಆದ್ಮೇಲೆ ಇವತ್ತೇ ಕಣಮ್ಮಾ.”

೯೦ ಯಾಕೆ ಅಂತ ಈಗ ಹೊಳೆಯಿತು. ಬಾಟಲಿ ಮೇಜಿನ ಮೇಲೇ ಇದೆ, ದಾರದ ಕೆಳಗೆ. ಕುಡಿಸಿ ಮುಗಿಸಿರಲಿಲ್ಲ.

ಸೆಪ್ಟೆಂಬರ್ ೭, ಶನಿವಾರ

ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿದ್ದೆ. ಬಟಾಣಿ ಎದೆಯ ಮೇಲೆ, ಅವಳ ಮೇಲೆ ಟೋಪಿ, ಟೋಪಿಯ ಮೇಲೆ ಕೊಡೆ.

“ಹತ್ತು ಆಂಪಿಯರ್ ಡಯೋಡ್ ನಾಲ್ಕು ಕೊಡಿ.”

“ಯಾವುದಕ್ಕೆ ಮೇಡಂ? ಮಿಕ್ಸಿಗಾ?”

“ರೈಲಿಗೆ.”

ಅಂಗಡಿಯವನು ನನ್ನ ಕಣ್ಣ ಕೆಳಗಿನ ಕಪ್ಪು ನೋಡಿದ. ಮಗುವನ್ನು ನೋಡಿದ. ತುಂಬ ಮೆತ್ತಗೆ, “ಮನೇಲಿ ಯಾರಾದ್ರೂ ದೊಡ್ಡವರಿದಾರಾ?” ಅಂದ.

ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತೋ.

ಸೆಪ್ಟೆಂಬರ್ ೯, ಸೋಮವಾರ. ಸಂಜೆ ೪

ಹಾಲು ೧೨೦ x ೪.

ಇಂದು ಬೆಸುಗೆ. ತಾಮ್ರದ ತಂತಿಯನ್ನು ಹಳಿಗೆ ಕೂಡಿಸಬೇಕು. ಮಾವನ ಕೈಗೆ ಬೆಸುಗೆ ಕಡ್ಡಿ ಕೊಟ್ಟರೆ ಹಳಿ ಬಿಟ್ಟು ಉಳಿದೆಲ್ಲಕ್ಕೂ ಬೆಸುಗೆ ಬೀಳುತ್ತದೆ, ಅವರೇ ಹೇಳಿದರು. ಅಂದರೆ ನಾನೇ. ಬೆಸುಗೆಯ ಹೊಗೆ ಮಗುವಿಗೆ ಆಗುವುದಿಲ್ಲ. ಅಂದರೆ ಬಟಾಣಿ ಒಳಗೆ, ನಾನು ಬೇಲಿ ಹಿಂದೆ. ಒಂದು ಗಂಟೆ. ಇಲ್ಲಿಯವರೆಗಿನ ದಾಖಲೆ ಹನ್ನೊಂದು ನಿಮಿಷ, ಅದೂ ಬಚ್ಚಲಿನ ಬಾಗಿಲು ತೆಗೆದಿಟ್ಟು.

ಹೋದೆ. ಬಂದೆ. ಬೆಸುಗೆ ಕಡ್ಡಿ ಕಾಯುವಷ್ಟರಲ್ಲಿ ಎರಡು ಸಲ. ಮೊದಲನೇ ಸಲ ಅವಳು ಮಲಗಿದ್ದಳು. ಎರಡನೇ ಸಲ ಮಲಗಿದ್ದಳು. ಮೂರನೇ ಸಲ ನಾನು ಬಗ್ಗಿ ಉಸಿರು ನೋಡಿದ್ದಕ್ಕೆ ಎದ್ದಳು.

ಆರನೇ ಸಲಕ್ಕೆ ಅತ್ತೆ ಮೆಷಿನ್ ನಿಲ್ಲಿಸಿದರು.

“ಏನೇ ಹುಡುಗಿ, ಇವಳ ಕಾಲಿಗೊಂದು ದಾರ ಕಟ್ಟಿ ನಿನ್ನ ಸೊಂಟಕ್ಕೆ ಸಿಗಿಸ್ಲಾ?”

“ಹಾಗಲ್ಲ ಅತ್ತೆ...”

“ನಾನೂ ಒಬ್ಬನ್ನ ಬೆಳೆಸಿದೀನಿ. ಎರಡು ಕೈ, ಎರಡು ಕಾಲು, ಎಲ್ಲಾ ಸರಿಯಾಗಿದೆ. ನೋಡ್ಕೊಂಡೇ ತಾನೆ ನೀನು ಮದುವೆ ಆಗಿದ್ದು?”

ಇವರಿಗೆ ಫೋನಿನಲ್ಲಿ ಹೇಳಿದೆ. ಕೆಲಸದ ಮೇಲೆ ಹೊರಗಿದ್ದಾರೆ, ಬರುವುದು ಮುಂದಿನ ತಿಂಗಳ ಹತ್ತಕ್ಕೆ. ಇಷ್ಟುದ್ದ ಹೇಳಿದ್ದರಲ್ಲಿ ಅವರಿಗೆ ಕೇಳಿಸಿದ್ದು ಒಂದೇ ಮಾತು: “ಅಪ್ಪ ನಿನಗೆ ಗೂಳಿ ಮುಟ್ಟಕ್ಕೆ ಬಿಟ್ರಾ? ನನಗೆ ಹತ್ತು ವರ್ಷ ಆಗೋವರೆಗೂ ದೂರದಿಂದಲೇ ದರ್ಶನ!”

ಬೆಸುಗೆ ಬಿದ್ದದ್ದು ಎರಡು. ಬೇಕಾದ್ದು ಎಂಟು.

ಸೆಪ್ಟೆಂಬರ್ ೧೦, ಮಂಗಳವಾರ

ಬಟಾಣಿಯ ಮೈ ಬೆಚ್ಚಗಿದೆ. ಮೂಗು ಸುರಿಯುತ್ತಿದೆ. ನನ್ನಿಂದಲೇ. ಬೇಲಿ ಹಿಂದೆ ಹೋಗಬಾರದಿತ್ತು.

ಸೆಪ್ಟೆಂಬರ್ ೧೭, ಮಂಗಳವಾರ. ಬೆಳಿಗ್ಗೆ ೬

ಹಾಲು ೧೩೦! ಪೂರ್ತಿ. ಕಕ್ಕಲಿಲ್ಲ.

ಏಳು ದಿನ ಬರೆದಿಲ್ಲ. ನೆಗಡಿ, ಅಷ್ಟೇ. ಡಾಕ್ಟರಮ್ಮ ಮೂರು ನಿಮಿಷ ನೋಡಿ, “ನೆಗಡಿ” ಅಂದರು. ಬೇಲಿಗೂ ನೆಗಡಿಗೂ ಸಂಬಂಧ ಇದೆಯಾ ಅಂತ ಕೇಳಿದೆ. “ಯಾವ ಬೇಲಿ?” ಅಂದರು. ವಿವರಿಸಲಿಲ್ಲ.

ಒಂದು ವಿಷಯ ಬರೆದಿಡಬೇಕು. ಶುಕ್ರವಾರ ಮಧ್ಯಾಹ್ನ ಅತ್ತೆ ಪಕ್ಕದಲ್ಲಿ ಬಂದು ಕೂತರು. ಬಟಾಣಿ ನನ್ನ ತೊಡೆ ಮೇಲೆ, ಗೊರಗೊರ. ನನ್ನ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದೆ. ಅತ್ತೆ ಬೈಯಲಿಲ್ಲ. ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅಂದರು:

“ಅವತ್ತು ಅವರು ಬಿದ್ದಾಗ ಕೂಗಿದಾರೆ ಕಣೆ. ನಾನು ಮೆಷಿನ್ ತುಳೀತಿದ್ದೆ. ಕೇಳಲಿಲ್ಲ. ನಲವತ್ತು ನಿಮಿಷ ಒಂದು ಫ್ರಾಕಿಗೆ ಲೇಸ್ ಹಾಕ್ತಾ ಕೂತಿದೀನಿ.”

ಆಮೇಲೆ ಎದ್ದು ಹೋಗಿ ಸ್ಟವ್ ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

ರೈಲಿನ ಮೇಲೆ ಸಿಟ್ಟು ಅಂತ ನಾವೆಲ್ಲ ತಿಳಿದಿದ್ದೆವು.

ಸೆಪ್ಟೆಂಬರ್ ೧೯, ಗುರುವಾರ. ಸಂಜೆ

ಬೆಸುಗೆ ಎಂಟಕ್ಕೆ ಎಂಟು. ಒಳಗೆ ಹೋಗಿ ನೋಡಿದ್ದು ಎರಡೇ ಸಲ. ಐವತ್ತು ನಿಮಿಷ.

ಎರಡನೇ ಸಲ ಹೋದಾಗ ಬಟಾಣಿ ಅತ್ತೆಯ ಕಾಲ ಬಳಿ ಚಿಂದಿ ಬಟ್ಟೆಗಳ ರಾಶಿಯಲ್ಲಿ ರಾಣಿಯ ಹಾಗೆ ಕೂತಿದ್ದಳು. ನನ್ನನ್ನು ನೋಡಿ ನಕ್ಕು, ತನ್ನ ಕೆಲಸಕ್ಕೆ ವಾಪಸ್. ಸ್ವಲ್ಪ... ಬೇಜಾರೇ ಆಯಿತು, ನಿಜ ಹೇಳಬೇಕೆಂದರೆ.

ಇನ್ನು ಹಳಿಯ ಸಂದಿಗಳು. ಎಲ್ಲಿ ಕುಯ್ಯುವುದು? ಕುಣಿಕೆಯ ಬಾಯಿಯ ಹತ್ತಿರ ಕುಯ್ದಷ್ಟೂ ನಡುವಿನ ತುಂಡು ಉದ್ದ. ಆದರೆ ಒಂದು ಪಕ್ಕ ಆ ಪ್ಲಂಬರ್ ಮಹಾಶಯ ಹಳಿಯನ್ನು ಸಿಮೆಂಟಿನಲ್ಲಿ ಕೂರಿಸಿಬಿಟ್ಟಿದ್ದಾನೆ, ಪೈಪು ಕೂರಿಸುವ ಹಾಗೆ. ಅವನಿಗೆ ಗೊತ್ತಿರುವ ಮದ್ದು ಅದೊಂದೇ. ಸಿಮೆಂಟು ಬಿಟ್ಟು ಈಚೆ ಕುಯ್ದೆ. ತುಂಡು ಎಂಟು ಅಡಿಗೆ ಎರಡು ಬೆರಳು ಕಡಿಮೆ. ರೈಲು ಏಳು ಅಡಿ. ಸಾಕು.

ಸೆಪ್ಟೆಂಬರ್ ೨೨, ಭಾನುವಾರ

ಬಂತು! ಬಂತು ಬಂತು ಬಂತು!

ಅತ್ತೆ ಹೊಲಿದ ಬಟ್ಟೆ ಕೊಡಲು ಹೋಗಿದ್ದರು. ನಾನು, ಮಾವ, ಬಟಾಣಿ, ಮೂವರೇ. ಕಳ್ಳರ ಹಾಗೆ.

ತೊಂದರೆ ಏನೆಂದರೆ ಬೇಲಿ. ವೆರಾಂಡಾದಲ್ಲಿ ಸ್ವಿಚ್ ಹಿಡಿದವರಿಗೆ ಕುಣಿಕೆ ಕಾಣುವುದಿಲ್ಲ. ರೈಲು ಪೂರ್ತಿ ಒಳಗೆ ಬಂತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಮುಂಚೆ ತಿರುವಿದರೆ ಬಾಲ ಇನ್ನೂ ಹೊರಗೆ, ಠಪ್. ತಡವಾಗಿ ತಿರುವಿದರೆ ಮೂತಿ ಆಗಲೇ ಹೊರಗೆ, ಠಪ್. ಬೇಲಿ ಕತ್ತರಿಸೋಣ ಅಂದರೆ ಅದು ಅತ್ತೆ ನೆಟ್ಟದ್ದು.

ಎಣಿಸುವುದೊಂದೇ ದಾರಿ. ಎಣಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿಲ್ಲ.

ನಾನು ಬೇಲಿ ಹಿಂದೆ ನಿಂತು ಗಡಿಯಾರ ಹಿಡಿದು ನೋಡಿದೆ. ಬೇಲಿಗೆ ಮೂತಿ ತಾಗಿದ್ದು ಒಂದು. ಹನ್ನೊಂದಕ್ಕೆ ಮೊದಲ ಸಂದಿ. ಮೂವತ್ತೂವರೆಗೆ ಬಾಲ ಒಳಗೆ. ಮೂವತ್ತೆರಡೂವರೆಗೆ ಮೂತಿ ಎರಡನೇ ಸಂದಿಗೆ. ಅಂದರೆ ಮೂವತ್ತೊಂದಕ್ಕೆ ಸ್ವಿಚ್. ನಲವತ್ತಮೂರಕ್ಕೆ ಬೇಲಿಯಿಂದ ಹೊರಗೆ. ಡಯೋಡ್ ಒಂದೂವರೆ ವೋಲ್ಟ್ ನುಂಗುವುದರಿಂದ ಕುಣಿಕೆಯೊಳಗೆ ಗೂಳಿ ಒಂದು ಆಕಳಿಕೆ ತೆಗೆದು ನಡೆಯುತ್ತದೆ, ಅದೂ ಲೆಕ್ಕದಲ್ಲಿದೆ.

ವೆರಾಂಡಾಕ್ಕೆ ಬಂದು ಸ್ವಿಚ್ ಹಿಡಿದೆ. ಮಾವ ಬಟಾಣಿಯನ್ನು ಹಿಡಿದರು. ರೈಲು ಹೊರಟಿತು. ಗೋಡೆ, ನಿಂಬೆ, ನಲ್ಲಿ. ಬೇಲಿ ಹಿಂದೆ ಹೋಗಿ ಮಾಯ. ಒಂದು, ಎರಡು... ಮಾವ ಉಸಿರೇ ಬಿಡುತ್ತಿಲ್ಲ. ಹದಿನೈದರ ಹೊತ್ತಿಗೆ ನನಗೆ ಅದೇ ಹಳೇ ಗೋಳು: ಕಾಣುತ್ತಿಲ್ಲ, ಕೇಳುತ್ತಿಲ್ಲ, ಏನಾಯಿತೋ. ಮೂವತ್ತೊಂದು. ತಿರುವಿದೆ. ಠಪ್ ಇಲ್ಲ! ನಲವತ್ತು, ನಲವತ್ತೊಂದು...

ದಾಸವಾಳದ ಎಲೆ ಸರಿಸಿಕೊಂಡು ಕೆಂಪು ಮೂತಿ. ನಮ್ಮ ಕಡೆಗೇ ಬರುತ್ತಿದೆ!

ಬಟಾಣಿ ಕಿರುಚಿದಳು. ಮಾವನೂ ಕಿರುಚಿದರು. ಯಾರದು ಯಾವುದು ಅಂತ ಗೊತ್ತಾಗಲಿಲ್ಲ.

“ಶನಿವಾರ ನಿಮ್ಮ ಅತ್ತೆಗೆ ತೋರ್ಸೋಣ,” ಅಂದರು ಮಾವ, ಕಣ್ಣು ಒರೆಸಿಕೊಳ್ಳುತ್ತಾ. “ಅಷ್ಟರಲ್ಲಿ ನಂದೂ ಒಂದು ಚಿಕ್ಕ ಕೆಲಸ ಇದೆ.”

ಯಾವ ಕೆಲಸ ಅಂದರೆ ಹೇಳಲಿಲ್ಲ.

ಹಾಲು: ಕುಡಿದಳು.

ಸೆಪ್ಟೆಂಬರ್ ೨೮, ಶನಿವಾರ. ಸಂಜೆ ೬

ಮಾನ ಹೋಯಿತು.

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದೆವು. ಮಾವ ಇಸ್ತ್ರಿ ಅಂಗಿ ಹಾಕಿದ್ದರು. “ಮೊದಲು ಇದು,” ಅಂತ ಒಂದು ರಟ್ಟಿನ ಡಬ್ಬ ತೆಗೆದರು. ಒಳಗೆ ಐದನೇ ಡಬ್ಬಿ. ಹಳದಿ ಬಣ್ಣ. ಕಿಟಕಿಗಳ ಒಳಗೆ ಪುಟ್ಟ ದೀಪ, ಹಳಿಯಿಂದಲೇ ಕರೆಂಟು ತೆಗೆದುಕೊಂಡು ಉರಿಯುವ ಹಾಗೆ. ಪಕ್ಕೆಯಲ್ಲಿ ಅಕ್ಷರ: ‘ಬಟಾಣಿ ಎಕ್ಸ್‌ಪ್ರೆಸ್’. ಎರಡು ವರ್ಷದಿಂದ ಬ್ರಷ್ ಮುಟ್ಟದವರು! ಗೆರೆಗಳು ನಡುಗಿವೆ. ‘ಟಾ’ದ ಬಾಲ ಗಾಳಿಗೆ ಸಿಕ್ಕಿದಂತಿದೆ. ಅವರು ಬರೆದ ಬೋರ್ಡುಗಳನ್ನೆಲ್ಲ ನೋಡಿದ್ದೇನೆ. ಇದರಷ್ಟು ಚೆಂದದ್ದು ಒಂದೂ ಇಲ್ಲ.

ಆ ಅಕ್ಷರಗಳನ್ನೇ ನೋಡುತ್ತಾ ನಿಂತೆ. ಅದೇ ತಪ್ಪಾಯಿತು. ಹಾಗೆ ನಿಂತವಳ ತಲೆ ಓಡುವುದಿಲ್ಲ. ಹಳದಿ ಡಬ್ಬಿ ಬಾಲಕ್ಕೆ ಸಿಕ್ಕಿಸಿದೆವು. ರೈಲು ಹೊರಟಿತು. ಒಂದು, ಎರಡು... ಮೂವತ್ತೊಂದು, ಸ್ವಿಚ್.

ಠಪ್.

ಮತ್ತೆ. ಮೂವತ್ತೆರಡಕ್ಕೆ. ಠಪ್. ಮೂವತ್ತಕ್ಕೆ. ಠಪ್. ಡಯೋಡ್ ಸುಟ್ಟಿತೇನೋ ಅಂತ ನೋಡಿದೆ, ಸರಿ ಇದೆ. ಬೆಸುಗೆ ಸರಿ ಇದೆ. ಎಲ್ಲಾ ಸರಿ ಇದೆ, ಮತ್ತೆ ಠಪ್. ಅಳು ಬಂತು. ನಾಡಿದ್ದೇ ಸೋಮವಾರ. ಹಿಂದಿನ ರಾತ್ರಿ ನಿದ್ದೆ ಒಂದೂವರೆ ಗಂಟೆ.

ಮಾವ ಇಸ್ತ್ರಿ ಅಂಗಿಯ ತೋಳು ಮಡಚಿದರು. ಬಿಚ್ಚಿದರು. ಮಡಚಿದರು.

ಅತ್ತೆ ಎದ್ದರು. ಗುಜರಿಯವನಿಗೆ ಫೋನ್ ಮಾಡುತ್ತಾರೆ ಅಂದುಕೊಂಡೆ. ಸೀದಾ ತೋಟಕ್ಕಿಳಿದು ಬೇಲಿ ಹಿಂದೆ ಹೋದರು. ಎರಡು ನಿಮಿಷ ಬಿಟ್ಟು ದನಿ ಬಂತು:

“ಏ ಹುಡುಗಿ! ಒಳಗಿನ ಆ ತುಂಡು ತೊಂಬತ್ನಾಲ್ಕು ಇಂಚು. ರೈಲೆಷ್ಟು?”

“ಎಂಬತ್ತೈದು, ಅತ್ತೆ.”

“ಯಾರ್ದು ಎಂಬತ್ತೈದು? ಟೇಪಲ್ಲಿ ನೂರಾ ಮೂರು ಬರ್ತಿದೆ. ಉಸಿರು ಬಿಗಿ ಹಿಡಿದ್ರೂ ಗುಂಡಿ ಹಾಕಕ್ಕಾಗಲ್ಲ ಇದಕ್ಕೆ!”

ಹಣೆ ಚಚ್ಚಿಕೊಂಡೆ. ಐದನೇ ಡಬ್ಬಿ! ಬಾಲ ಒಳಗೆ ಬರುವ ಮೊದಲೇ ಮೂತಿ ಹೊರಗೆ. ಎಷ್ಟಕ್ಕೆ ತಿರುವಿದರೂ ಠಪ್ಪೇ. ಬಿ.ಎಸ್ಸಿ. ಓದಿದವಳಿಗೆ ಹೊಳೆಯದ್ದು ಟೇಪಿಗೆ ಹೊಳೆಯಿತು.

ಮಾವ ಸಣ್ಣ ದನಿಯಲ್ಲಿ, “ಹಳದಿದು ತೆಗೆದುಬಿಡಮ್ಮಾ. ನಾಲ್ಕೇ ಓಡ್ಲಿ. ಇದನ್ನ ಶೋಕೇಸಲ್ಲಿ ಇಡೋಣ,” ಅಂದರು.

ಅತ್ತೆ ಬೇಲಿ ದಾಟಿ ಬಂದರು, ಸೆರಗಿನ ತುಂಬ ದಾಸವಾಳದ ಎಲೆ.

“ಯಾಕ್ರೀ ತೆಗೀಬೇಕು? ಅಂಗಿ ಬಿಗಿಯಾದ್ರೆ ಮೈ ಕುಯ್ತೀವಾ? ಹೊಲಿಗೆ ಬಿಚ್ಚಿ ಸಡಿಲ ಮಾಡ್ತೀವಿ.”

ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು.

“ಏನು ನೋಡ್ತೀರಾ? ಸೋಮವಾರಕ್ಕೆ ಇನ್ನೂ ಒಂದು ದಿನ ಇದೆ. ನಾನು ಕೊಟ್ಟ ತಾರೀಖಿಗಿಂತ ಮುಂಚೆ ಯಾವತ್ತಾದ್ರೂ ಕೈ ಹಾಕಿದೀನಾ?”

ಸೆಪ್ಟೆಂಬರ್ ೨೯, ಭಾನುವಾರ. ಮಧ್ಯಾಹ್ನ ೩

ಬೆರಳಲ್ಲಿ ಬೊಬ್ಬೆ, ಅಕ್ಷರ ಸೊಟ್ಟ.

ಪ್ಲಂಬರ್ ಮಹಾಶಯನ ಸಿಮೆಂಟು ಒಡೆದು, ಕುಣಿಕೆಯ ಬಾಯಿಗೆ ಎರಡು ಅಡಿ ಹತ್ತಿರ ಹೊಸ ಸಂದಿ ಕುಯ್ಯಬೇಕು. ಅತ್ತೆ ಮಾವನಿಗೆ ಬೇಲಿ ಆಚೆ ಹೋಗಲು ಅನುಮತಿ ಕೊಟ್ಟರು, ಷರತ್ತು ಹಾಕಿ: ಸ್ಟೂಲಿನ ಮೇಲೆ ಕೂರಬೇಕು, ತಾನು ಪಕ್ಕದಲ್ಲೇ ಇರಬೇಕು. ಅಂದರೆ ಎಲ್ಲರೂ ಬೇಲಿ ಹಿಂದೆ. ಬಟಾಣಿಗೆ ದುಪ್ಪಟಿ ಹಾಸಿ ನೆರಳಲ್ಲಿ ಕೂರಿಸಿದೆವು. ಮಣ್ಣು, ಇರುವೆ, ಗಾಳಿ... ಪಟ್ಟಿ ಮಾಡಲು ಶುರು ಮಾಡಿದ್ದೆ. ಅಷ್ಟರಲ್ಲಿ ಅವಳು ಒಂದು ಎಲೆ ಹಿಡಿದು ಅದರ ಜೊತೆ ಮಾತಿಗಿಳಿದಳು. ಪಟ್ಟಿ ಅಲ್ಲಿಗೇ ನಿಂತಿತು.

ಮಾವ ಉಳಿ ಹಿಡಿದರು, ಅತ್ತೆ ಸುತ್ತಿಗೆ.

“ನೋಡ್ಕೊಂಡು ಹೊಡಿಯೇ, ಬೆರಳಿದೆ!”

“ನಲವತ್ತು ವರ್ಷದ ಬಾಕಿ ಇದೆ, ಅಲ್ಲಾಡ್ಬೇಡಿ.”

ಸಿಮೆಂಟು ಹೋಯಿತು. ಹಳಿಯನ್ನು ಮಾವ ಎರಡು ಕೈಯಲ್ಲೂ ಅದುಮಿ ಹಿಡಿದರು, ಗಟ್ಟಿಯಾಗಿ ಏನಾದರೂ ಹಿಡಿದಾಗ ಅವರ ಕೈ ನಡುಗುವುದಿಲ್ಲ. ನಾನು ಹ್ಯಾಕ್ಸಾ ಎಳೆದೆ. ಹಳೇ ಸಂದಿ ತಂತಿ ಹಾಕಿ ಮುಚ್ಚಿದೆ. ಅತ್ತೆ ಟೇಪು ಹಿಡಿದು, “ನೂರಾ ಹದಿನೆಂಟು. ಬೆಳೆಯೋ ಮೈಗೂ ಜಾಗ ಇದೆ,” ಅಂದರು.

ಗಡಿಯಾರ ಹಿಡಿದು ನೋಡಿದೆ. ಈಗ ಬಾಲ ಒಳಗೆ ಬರುವುದು ಇಪ್ಪತ್ತೊಂಬತ್ತೂವರೆಗೆ. ಮೂತಿ ಹೊರಗೆ ಹೋಗುವುದು ಮೊದಲಿನಂತೆ ಮೂವತ್ತೆರಡೂವರೆಗೆ. ಸ್ವಿಚ್, ಅದೇ ಮೂವತ್ತೊಂದಕ್ಕೆ.

ನಲವತ್ತಮೂರಕ್ಕೆ ಗೂಳಿ ಹೊರಗೆ ಬಂತು. ಹಿಂದೆ ಹಳದಿ ಡಬ್ಬಿ, ಹಗಲಲ್ಲೂ ದೀಪ ಹಚ್ಚಿಕೊಂಡು.

ಅತ್ತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡರು. “ಇನ್ನೊಂದ್ಸಲ ಬಿಡಿ,” ಅಂದರು. ಒಂಬತ್ತು ಸಲ ಅಂದರು.

ಸೆಪ್ಟೆಂಬರ್ ೩೦, ಸೋಮವಾರ

ಗುಜರಿಯವನು ಬಂದ. ದೊಡ್ಡ ಗೋಣಿ ಎರಡು, ತಕ್ಕಡಿ. “ಹಳಿ ಇದೆ ಅಂದಿದ್ರಲ್ಲಮ್ಮಾ?”

“ಇದೆ. ಕೂತ್ಕೊ,” ಅಂದರು ಅತ್ತೆ. ಸ್ವಿಚ್ ಅವರ ಕೈಯಲ್ಲಿ. ಗಟ್ಟಿಯಾಗಿ ಎಣಿಸಿದರು, ಮೆಟ್ಟಿಲ ಮೇಲೆ ಕೂತ ಗುಜರಿಯವನೂ ದನಿ ಸೇರಿಸಿದ. ಆರು ಸುತ್ತು ನೋಡಿದ. ಟೀ ಕುಡಿದ. ಕೊನೆಗೆ ತಲೆ ಕೆರೆದುಕೊಂಡು, “ಹಂಗಾದ್ರೆ ಕೊಡಲ್ವಾ?” ಅಂದ.

ಬರಿಗೈಲಿ ಕಳಿಸಬಾರದು ಅಂತ ಮಾವ ನಿನ್ನೆ ಕುಯ್ದಾಗ ಉಳಿದ ಹಳಿಯ ತುಂಡು ಕೊಟ್ಟರು. ಹೆಬ್ಬೆಟ್ಟಿನಷ್ಟು. ತಕ್ಕಡಿಯಲ್ಲಿಟ್ಟು ನೋಡಿ, ಮುಳ್ಳು ಅಲ್ಲಾಡದ್ದಕ್ಕೆ ನಗುತ್ತಾ ಜೇಬಿಗೆ ಹಾಕಿಕೊಂಡ.

ಅಕ್ಟೋಬರ್ ೪, ಶುಕ್ರವಾರ. ಮಧ್ಯಾಹ್ನ ೨:೨೦

ಹಾಲು ಅತ್ತೆ ಕುಡಿಸಿದರು. ಎಷ್ಟು ಅಂತ ಕೇಳಿದೆ. “ಹೊಟ್ಟೆ ತುಂಬ,” ಅಂದರು. ಹಾಗೇ ಬರೆದಿಡುತ್ತೇನೆ. ಹಾಲು: ಹೊಟ್ಟೆ ತುಂಬ.

ಹೊಲಿಗೆ ಮೆಷಿನ್ ವೆರಾಂಡಾಕ್ಕೆ ಬಂದಿದೆ. ಬೆಳಕು ಚೆನ್ನಾಗಿದೆಯಂತೆ. ಮಾವ ಕೂಗಿದರೆ ಅಲ್ಲಿಂದ ಕೇಳುತ್ತದೆ, ಅದನ್ನು ಅತ್ತೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸ್ವಿಚ್ಚನ್ನು ಮೆಷಿನ್ನಿನ ಹಲಗೆಗೇ ಸ್ಕ್ರೂ ಹಾಕಿ ಕೂರಿಸಿಕೊಟ್ಟೆ.

ಈಗ ಮೂವರೂ ಅಲ್ಲಿದ್ದಾರೆ. ಬಟಾಣಿ ಮಾವನ ತೊಡೆ ಮೇಲೆ. ನನ್ನನ್ನು ಒಳಗೆ ಅಟ್ಟಿದ್ದಾರೆ. “ಹೋಗು, ಬೆನ್ನು ಚಾಚು. ನಿನ್ನ ಮುಖ ನೋಡಿದ್ರೆ ಗೂಳಿಗೂ ಆಕಳಿಕೆ ಬರುತ್ತೆ.” ಹಾಸಿಗೆ ಮೇಲೆ ಒಬ್ಬಳೇ. ಎಷ್ಟು ಅಗಲ ಇದು! ಬಾಗಿಲು ತೆಗೆದಿದೆ, ಎದ್ದು ನೋಡಬಹುದು. ಇಷ್ಟು ಬರೆದು ಎದ್ದು ನೋಡುತ್ತೇನೆ.

ಗೂಳಿ ಹೊರಟ ಸದ್ದು. ಗೋಡೆ. ನಿಂಬೆ ಗಿಡ. ನಲ್ಲಿಯ ಹತ್ತಿರ ಹಳಿ ಕಟಕ್ ಅನ್ನುತ್ತದೆ, ಅಂದಿತು. ಮೆಷಿನ್ ನಿಂತಿತು, ಅತ್ತೆ ಎಣಿಸಲು ಶುರು ಮಾಡಿದ್ದಾರೆ. ಬೇಲಿ ಹಿಂದೆ ಹೋಗಿರಬೇಕು.

ಒಂದು. ಎರಡು. ಮೂರು... ಬಟಾಣಿಯ ಸದ್ದಿಲ್ಲ. ಅವಳೂ ಕಾಯುತ್ತಿದ್ದಾಳೆ. ಎಂಟು. ಒಂಬತ್ತು. ಮೂವತ್ತೊಂದಕ್ಕೆ ತಿರುವುವುದು ಅತ್ತೆಯ ಕೆಲಸ, ನನ್ನದಲ್ಲ. ಹನ್ನೊಂದು, ಮುಚ್ಚಿದ ಹಳೇ ಸಂದಿ. ಹನ್ನೆರಡು... ಕಣ್ಣು ಎಳೆಯುತ್ತಿದೆ... ಹದಿಮೂರು... ಹದಿನಾ...